ದಿ ವೇಲಿಂಗ್: ನೋಡಿ ತಲೆ ಕೆಟ್ಟವರಿಗೆ, ನೋಡೋದಾ ಬೇಡ್ವಾ ಅಂತ ಯೋಚಿಸುತ್ತಿರುವವರಿಗೆ

ಈ ಕೊರಿಯನ್ ಸಿನಿಮಾ ನೋಡು ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ನೋಡಿದವರು ರಾತ್ರಿ ಒಂದು ಗಂಟೆಗೆ ಮೆಸೇಜ್ ಹಾಕುತ್ತಾರೆ. "ಏನಾಯ್ತು ಮಾರಾಯ ಕೊನೆಗೆ?" ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಇಟ್ಟಿದ್ದೇನೆ. ಮೊದಲ ಅರ್ಧದಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ಎಲ್ಲಿಂದ ಬಿಟ್ಟುಕೊಡುತ್ತೇನೆ ಅಂತ ಮಧ್ಯದಲ್ಲಿ ಹೇಳಿದ್ದೇನೆ, ಸಿನಿಮಾ ನೋಡದವರು ಅಲ್ಲಿಗೆ ನಿಲ್ಲಿಸಿ.

ಯಾವ ಸಿನಿಮಾ ಇದು? ಒಂದೆರಡು ಮಾತಲ್ಲಿ ಹೇಳಿ.

ದಕ್ಷಿಣ ಕೊರಿಯಾದ ಸಿನಿಮಾ. 2016ರ ಮೇ ತಿಂಗಳಲ್ಲಿ ಬಂತು. ನಿರ್ದೇಶಕ ನಾ ಹಾಂಗ್-ಜಿನ್. ಬೆಟ್ಟದ ನಡುವಿನ ಒಂದು ಸಣ್ಣ ಊರು. ಜಪಾನಿನಿಂದ ಒಬ್ಬ ಅಪರಿಚಿತ ಬಂದು ಕಾಡಿನೊಳಗೆ ಮನೆ ಮಾಡಿಕೊಂಡಿದ್ದಾನೆ. ಅವನು ಬಂದ ಮೇಲೆ ಊರಲ್ಲಿ ಒಬ್ಬೊಬ್ಬರಿಗೇ ಮೈಯೆಲ್ಲ ಗುಳ್ಳೆ ಎದ್ದು, ಬುದ್ಧಿ ಕೆಟ್ಟು, ಮನೆಯವರನ್ನೇ ಕೊಲ್ಲುತ್ತಿದ್ದಾರೆ. ಜಾಂಗ್-ಗು ಅನ್ನೋ ಪೊಲೀಸಿನವನು ತನಿಖೆ ಮಾಡುತ್ತಾನೆ. ಮಾಡುತ್ತಾನೆ ಅನ್ನೋದಕ್ಕಿಂತ ಮಾಡಿದ ಹಾಗೆ ಮಾಡುತ್ತಾನೆ, ಯಾಕಂದ್ರೆ ಮನುಷ್ಯ ಸ್ವಲ್ಪ ಸೋಮಾರಿ, ಸ್ವಲ್ಪ ಪುಕ್ಕಲ. ಆಮೇಲೆ ಅವನ ಮಗಳು ಹ್ಯೋ-ಜಿನ್ ಮೈಮೇಲೂ ಗುಳ್ಳೆ ಕಾಣಿಸುತ್ತವೆ. ಅಲ್ಲಿಂದ ಅದು ಕೇಸ್ ಆಗಿ ಉಳಿಯುವುದಿಲ್ಲ.

ಹೆಸರಿನ ಅರ್ಥ ಏನು?

ಕೊರಿಯನ್ ಹೆಸರು "ಗೋಕ್‌ಸಾಂಗ್". ಅದು ದೇಶದ ತೆಂಕಣಕ್ಕಿರುವ ದಕ್ಷಿಣ ಜೊಲ್ಲಾ ಪ್ರಾಂತ್ಯದ ಒಂದು ನಿಜವಾದ ಕೌಂಟಿ, ನಮ್ಮ ತಾಲ್ಲೂಕು ಅಂದುಕೊಳ್ಳಿ. ಅದೇ ಸದ್ದಿನ ಇನ್ನೊಂದು ಪದಕ್ಕೆ "ಗೋಳಾಟ" ಅಂತ ಅರ್ಥ, ಸಾವಿನ ಮನೆಯಲ್ಲಿ ಕೇಳುವ ಅಳು. ಕೊರಿಯನ್ ಲಿಪಿಯಲ್ಲಿ ಎರಡನ್ನೂ ಬರೆಯುವುದು ಒಂದೇ ರೀತಿ. ಊರಿನವರಿಗೆ ಕಸಿವಿಸಿ ಆಗಬಾರದು ಅಂತ ಹೆಸರಿನ ಪಕ್ಕದಲ್ಲಿ "ಅಳುವ ಸದ್ದು" ಅನ್ನೋ ಅರ್ಥದ ಚೀನಿ ಅಕ್ಷರಗಳನ್ನೂ ಹಾಕಿದರು.

ನಿಜವಾದ ಗೋಕ್‌ಸಾಂಗ್ ಬಹಳ ಚಂದದ ಊರು. ಸಾಂಜಿನ್ ನದಿ, ಹಳೇ ರೈಲು, ಮೇ ತಿಂಗಳಲ್ಲಿ ಗುಲಾಬಿ ಹಬ್ಬ. ಸಿನಿಮಾ ಬಂದಾಗ ಅಲ್ಲಿನ ಕೌಂಟಿಯ ಮುಖ್ಯಸ್ಥರು ಕೋಪ ಮಾಡಿಕೊಳ್ಳಲಿಲ್ಲ. ಸಿನಿಮಾ ನೋಡಿ, ಆಮೇಲೆ ನಮ್ಮೂರಿಗೆ ಬಂದು ನಿಜವಾದ ಗೋಕ್‌ಸಾಂಗನ್ನೂ ನೋಡಿ ಅಂತ ಪತ್ರಿಕೆಗೆ ಲೇಖನ ಬರೆದರು. ನಮ್ಮಲ್ಲಾಗಿದ್ದರೆ ಮೊದಲು ಪ್ರತಿಭಟನೆ, ಆಮೇಲೆ ಕೋರ್ಟು.

156 ನಿಮಿಷ! ಬೋರ್ ಆಗಲ್ವಾ?

ಮೊದಲ ಮುಕ್ಕಾಲು ಗಂಟೆ ಇದು ಹಾರರ್ ಸಿನಿಮಾನಾ ಕಾಮಿಡಿನಾ ಅಂತ ಅನುಮಾನ ಬರುತ್ತದೆ. ಬೆಳಗ್ಗೆ ಕೊಲೆ ಆಗಿದೆ ಅಂತ ಫೋನ್ ಬರುತ್ತದೆ, ಅತ್ತೆ "ತಿಂಡಿ ತಿಂದು ಹೋಗಪ್ಪ" ಅನ್ನುತ್ತಾಳೆ, ಇವನು ಕೂತು ತಿನ್ನುತ್ತಾನೆ. ಆಮೇಲೆ ಮಗಳನ್ನು ಸ್ಕೂಲಿಗೆ ಬಿಟ್ಟು, ಮಳೆಯಲ್ಲಿ ನೆನೆಯುತ್ತಾ ಕೊಲೆ ಆದ ಜಾಗಕ್ಕೆ ಹೋಗುತ್ತಾನೆ. ರಾತ್ರಿ ಸ್ಟೇಷನ್ನಿನಲ್ಲಿ ಕರೆಂಟ್ ಹೋದರೆ ಇಬ್ಬರು ಪೊಲೀಸರು ಕಿರುಚಿಕೊಳ್ಳುತ್ತಾರೆ. ನಗು ಬರುತ್ತದೆ, ನಕ್ಕುಬಿಡಿ. ಆ ನಗು ಸುಮ್ನೆ ಇಟ್ಟಿದ್ದಲ್ಲ. ಈ ಮನೆಯವರು ನಮಗೆ ಪರಿಚಯ ಆಗಿಬಿಡುತ್ತಾರೆ, ಆಮೇಲೆ ಆಗುವುದನ್ನೆಲ್ಲ ಪಕ್ಕದ ಮನೆಯಲ್ಲಿ ಆಗುತ್ತಿರುವ ಹಾಗೆ ನೋಡಬೇಕಾಗುತ್ತದೆ. ಬೋರ್ ಅಂತೂ ಆಗುವುದಿಲ್ಲ. ಸುಸ್ತಾಗುತ್ತದೆ.

ಮಕ್ಕಳ ಜೊತೆ ನೋಡಬಹುದಾ?

ಬೇಡ. ಕೊರಿಯಾದಲ್ಲಿ 15 ವರ್ಷ ಮೇಲ್ಪಟ್ಟವರು ನೋಡಬಹುದು ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು, ಆ ಪುಣ್ಯಾತ್ಮರು ಸಿನಿಮಾ ನೋಡಿದರೋ ಇಲ್ಲವೋ! ರಕ್ತ ಇದೆ, ಪ್ರಾಣಿಗಳ ಸಾವು ಇದೆ, ಒಂದು ಪುಟ್ಟ ಹುಡುಗಿ ನರಳುವ ದೃಶ್ಯ ನಿಮಿಷಗಟ್ಟಲೆ ಇದೆ. ಮನೆಯಲ್ಲಿ ಹೆಣ್ಣುಮಗು ಇರುವ ಅಪ್ಪಂದಿರು ಸ್ವಲ್ಪ ಯೋಚಿಸಿ ಕೂರಿ. ಬಾಗಿಲ ಹಿಂದಿನಿಂದ ದಢಕ್ಕನೆ ಬಂದು ಬೆಚ್ಚಿಬೀಳಿಸುವ ಆಟ ಮಾತ್ರ ಕಡಿಮೆ.

"ನೋಡೋಕೆ ಬಹಳ ಚಂದ" ಅಂತಾರಲ್ಲ, ದೆವ್ವದ ಸಿನಿಮಾದಲ್ಲಿ ಚಂದ ಏನು?

ಕ್ಯಾಮೆರಾ ಹಿಡಿದವರು ಹಾಂಗ್ ಕ್ಯುಂಗ್-ಪ್ಯೊ. ಮುಂದೆ 2019ರಲ್ಲಿ ಬಂದು 2020ರಲ್ಲಿ ಆಸ್ಕರ್ ಗೆದ್ದ "ಪ್ಯಾರಸೈಟ್" ಸಿನಿಮಾದ ಛಾಯಾಗ್ರಹಣವೂ ಇವರದೇ. ಇಲ್ಲಿ ಅವರು ಬೆಟ್ಟವನ್ನು ತೋರಿಸುವ ರೀತಿ ನೋಡಿ. ಒಂದು ಕಡೆ ಹೆಣ ಬಿದ್ದಿದೆ, ಜನ ಅಳುತ್ತಿದ್ದಾರೆ, ಪೊಲೀಸರು ಓಡಾಡುತ್ತಿದ್ದಾರೆ. ತಕ್ಷಣ ಒಂದು ಅಗಲವಾದ ಶಾಟ್: ಸಾಲು ಸಾಲು ಬೆಟ್ಟ, ನಡುವೆ ಮಂಜು, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಲೆನಾಡಿನವರಿಗೆ ಆ ಹೊತ್ತು ಗೊತ್ತು, ಮಳೆಗಾಲದಲ್ಲಿ ಬೆಳಗಿನ ಆರು ಗಂಟೆಗೆ ಮನೆ ಹಿಂದಿನ ಗುಡ್ಡ ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತದಲ್ಲ, ಅದು. ಬೆಟ್ಟಕ್ಕೆ ಕೆಳಗಿನ ಗೋಳಾಟದ ಪರಿವೆಯೇ ಇಲ್ಲ. ನನಗೆ ಭಯ ಹುಟ್ಟಿಸಿದ್ದು ದೆವ್ವಕ್ಕಿಂತ ಜಾಸ್ತಿ ಆ ಬೆಟ್ಟ.

ಇನ್ನೊಂದು, ಬಣ್ಣ. ಸಿನಿಮಾದ ಬಹುಪಾಲು ಕೆಸರು, ಬೂದು, ಒದ್ದೆ ಹಸಿರು. ಅದರ ನಡುವೆ ಮಂತ್ರವಾದಿ ಬಂದು ಪೂಜೆ ಶುರು ಮಾಡಿದಾಗ ಕೆಂಪು, ಹಳದಿ, ನೀಲಿ ಎಲ್ಲ ಒಟ್ಟಿಗೆ ಸ್ಫೋಟ ಆಗುತ್ತದೆ. ಕಣ್ಣಿಗೆ ಹಬ್ಬ, ಆದರೆ ಹೊಟ್ಟೆಯೊಳಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಮೊಬೈಲಿನಲ್ಲಿ ನೋಡಬೇಡಿ ದಯವಿಟ್ಟು.

ಮಂತ್ರವಾದಿ ಅಂದ್ರಿ. ಅವನು ಯಾರು? ಆ ಪೂಜೆ ಏನು?

ಕೊರಿಯಾದಲ್ಲಿ ದೇವರು, ಸತ್ತವರು, ದೆವ್ವಗಳ ಜೊತೆ ಮಾತಾಡುವವರನ್ನು "ಮುದಾಂಗ್" ಅನ್ನುತ್ತಾರೆ. ಹೆಚ್ಚಿನವರು ಹೆಂಗಸರೇ. ಗಂಡಸಾದರೆ "ಪಾಕ್ಸು". ಅವರು ಮಾಡುವ ದೊಡ್ಡ ಆಚರಣೆಯ ಹೆಸರು "ಗುತ್": ತಮಟೆ, ಜಾಗಟೆ, ಹಾಡು, ಕುಣಿತ, ಕತ್ತಿ, ಬಲಿ, ಎಲ್ಲ ಸೇರಿದ್ದು. ಇದು ಸಿನಿಮಾಕ್ಕಾಗಿ ಹುಟ್ಟಿಸಿದ್ದಲ್ಲ, ಇವತ್ತಿಗೂ ನಡೆಯುತ್ತದೆ. ಗೋಕ್‌ಸಾಂಗ್ ಇರುವ ಪ್ರಾಂತ್ಯದ್ದೇ ಆದ ಜಿಂದೋ ದ್ವೀಪದಲ್ಲಿ ಸತ್ತವರ ಆತ್ಮವನ್ನು ತೊಳೆದು ಕಳಿಸುವ "ಸಿತ್ಕಿಂ ಗುತ್" ಅಂತ ಒಂದಿದೆ, 1980ರಲ್ಲಿ ಕೊರಿಯಾ ಸರ್ಕಾರವೇ ಅದನ್ನು ದೇಶದ ಪರಂಪರೆಯ ಪಟ್ಟಿಗೆ ಸೇರಿಸಿತು. ಜೆಜು ದ್ವೀಪದ ಒಂದು ಗುತ್ 2009ರಲ್ಲಿ ಯುನೆಸ್ಕೊ ಪಟ್ಟಿಗೂ ಹೋಯಿತು.

ಸಿನಿಮಾದಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಜೊಲ್ಲಾ ಕಡೆಯ ಹಳೇ ಮುದಾಂಗರು ಬಹುಪಾಲು ವಂಶಪಾರಂಪರ್ಯದವರು. ಅವರಲ್ಲಿ ಹಾಡು ಜಾಸ್ತಿ, ಮೈಮೇಲೆ ಬರುವುದು ಕಡಿಮೆ. ದೇವರು ಮೈಮೇಲೆ ಬಂದು ಕುಣಿಯುವ ಮುದಾಂಗರು ಸಿಯೋಲ್ ಮತ್ತು ಅದಕ್ಕಿಂತ ಉತ್ತರದ ಕಡೆಯ ಪರಂಪರೆ. ಸಿನಿಮಾದ ಮಂತ್ರವಾದಿ ಇಲ್-ಗ್ವಾಂಗ್ ಎರಡನೇ ಥರದವನು. ಹೊರಗಿನಿಂದ ಕಾರು ಓಡಿಸಿಕೊಂಡು ಬರುತ್ತಾನೆ, ಜುಟ್ಟು ಕಟ್ಟಿದ್ದಾನೆ, ದೊಡ್ಡ ಮೊತ್ತ ಕೇಳುತ್ತಾನೆ. ಊರಿಗೆ ಅವನೂ ಹೊರಗಿನವನೇ, ಆದರೆ ಅವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪಾತ್ರ ಮಾಡಿರುವುದು ಹ್ವಾಂಗ್ ಜಂಗ್-ಮಿನ್. ಗುತ್ ದೃಶ್ಯದಲ್ಲಿ ಹದಿನೈದು ನಿಮಿಷದಷ್ಟು ಹೊತ್ತು ನಿಲ್ಲಿಸದೆ, ಒಂದೇ ಟೇಕಿನಲ್ಲಿ, ಹಲವು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದಾರೆ. ಆ ಮನುಷ್ಯ ನಟಿಸುತ್ತಿದ್ದಾನಾ, ನಿಜವಾಗಿ ಏನಾದರೂ ಬಂದಿದೆಯಾ ಅಂತ ಒಂದು ಕ್ಷಣ ಅನ್ನಿಸುತ್ತದೆ.

ಅಂದ್ರೆ ನಮ್ಮ ಭೂತಕೋಲ ಇದ್ದ ಹಾಗಾ?

ಮೇಲ್ನೋಟಕ್ಕೆ ಹೌದು. ರಾತ್ರಿ, ಬೆಂಕಿ, ಬಣ್ಣ, ವಾದ್ಯ, ಕುಣಿತ. ವಂಶಪಾರಂಪರ್ಯದ ಮಾತು ಬಂದಾಗ ನನಗೆ ಕೋಲ ಕಟ್ಟುವ ನಮ್ಮ ಪಂಬದರು, ಪರವರು, ನಲಿಕೆಯವರು ನೆನಪಾದರು. ನಮ್ಮಲ್ಲಿ ದೈವದ ಕಥೆಯ ಹಾಡು, ಅಂದರೆ ಪಾಡ್ದನ, ಹೇಳುವ ಹಾಗೆ ಮುದಾಂಗರಲ್ಲೂ ದೇವರ ಹುಟ್ಟಿನ ಕಥೆ ಹಾಡುವ ಪದ್ಧತಿ ಇದೆ.

ಆದರೆ ಸಿನಿಮಾದಲ್ಲಿ ನಡೆಯುವ ಗುತ್ ಕೋಲವಲ್ಲ. ಕೋಲ ಊರಿನದು, ಮನೆತನದ್ದು. ದೈವಕ್ಕೆ ಹೆಸರಿದೆ, ಕಥೆ ಇದೆ, ಅದು ನುಡಿ ಕೊಟ್ಟರೆ ಹತ್ತು ಜನರ ಎದುರಿಗೆ ಕೊಟ್ಟ ಮಾತು. ಇಲ್ಲಿ ಒಬ್ಬ ದುಡ್ಡು ತಗೊಂಡು ಬಂದಿದ್ದಾನೆ, ಯಾವ ಶಕ್ತಿಯನ್ನು ಕರೆಯುತ್ತಿದ್ದಾನೆ ಅಂತ ಮನೆಯವರಿಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಇದು ಮಾಟ ತಿರುಗಿಸುವ ಪೂಜೆಗೆ ಹತ್ತಿರ. ಅಂಥದ್ದನ್ನು ಮಾಡಿಸಿದ ಮನೆಗಳ ಕಥೆ ನಮ್ಮ ಪ್ರತಿ ಊರಲ್ಲೂ ಒಂದೆರಡು ಇರುತ್ತವೆ, ಜೋರಾಗಿ ಯಾರೂ ಹೇಳುವುದಿಲ್ಲ ಅಷ್ಟೇ.

ಅಪರಿಚಿತ ಜಪಾನಿಯವನೇ ಯಾಕೆ?

1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆ ಗಾಯ ಇನ್ನೂ ಒಣಗಿಲ್ಲ. ಹಾಗಾಗಿ ಬೆಟ್ಟದಲ್ಲಿ ಒಬ್ಬ ಜಪಾನಿ ಮುದುಕ ಒಂಟಿಯಾಗಿದ್ದಾನೆ ಅಂದರೆ ಸಾಕು, ಉಳಿದ ಕಥೆಯನ್ನು ಊರು ತಾನೇ ಕಟ್ಟಿಕೊಳ್ಳುತ್ತದೆ. ಜಿಂಕೆ ತಿನ್ನುತ್ತಿದ್ದನಂತೆ, ಕಣ್ಣು ಕೆಂಪಾಗಿತ್ತಂತೆ, ಯಾವುದೋ ಹೆಂಗಸಿಗೆ ಏನೋ ಮಾಡಿದನಂತೆ. ಎಲ್ಲ "ಅಂತೆ". ನಿರ್ದೇಶಕರು ಆ ಅಂತೆಕಂತೆಯನ್ನೂ ನಮಗೆ ಕಣ್ಣೆದುರೇ ತೋರಿಸುತ್ತಾರೆ. ಕಣ್ಣಲ್ಲಿ ನೋಡಿದೆವು ಅಂತ ನಾವು ನಂಬಿಬಿಡುತ್ತೇವೆ, ಆಮೇಲೆ ನೋಡಿದರೆ ಅದು ಯಾರೋ ಹೇಳಿದ ಕಥೆ, ಇಲ್ಲ ಕೆಟ್ಟ ಕನಸು.

ಆ ಪಾತ್ರ ಮಾಡಿದವರು ಜಪಾನಿನ ನಟ ಜುನ್ ಕುನಿಮುರ. ಮಾತು ಬಹಳ ಕಡಿಮೆ. ಆ ಮುಖ ಒಂದು ಶಾಟಿನಲ್ಲಿ ಪಾಪದ ಮುದುಕನ ಮುಖ, ಮುಂದಿನ ಶಾಟಿನಲ್ಲಿ ನೋಡೋಕಾಗದ ಮುಖ. ಇದೇ ಪಾತ್ರಕ್ಕೆ ಕೊರಿಯಾದ ಬ್ಲೂ ಡ್ರ್ಯಾಗನ್ ಪ್ರಶಸ್ತಿ ಬಂತು. ಅಲ್ಲಿ ನಟನೆಗೆ ಪ್ರಶಸ್ತಿ ಪಡೆದ ಮೊದಲ ವಿದೇಶಿ ಇವರೇ. ಜಪಾನಿಯವನ ಮೇಲಿನ ಅನುಮಾನದ ಕಥೆಯಲ್ಲಿ ನಟಿಸಿ ಕೊರಿಯಾದವರ ಮನಸ್ಸು ಗೆದ್ದರಲ್ಲ, ಅದು ನನಗೆ ಇಷ್ಟವಾದ ವಿಷಯ.

ಮುದಾಂಗ್ ಇದ್ದ ಮೇಲೆ ಬೈಬಲ್ ಯಾಕೆ ಬಂತು?

ಕೊರಿಯಾ ಅಂದರೆ ಹಾಗೇ. ಚರ್ಚು, ಬೌದ್ಧ ದೇವಾಲಯ, ಮುದಾಂಗ್ ಮನೆ, ಎಲ್ಲ ಒಂದೇ ಬೀದಿಯಲ್ಲಿ. ಗೋಕ್‌ಸಾಂಗಿಗಂತೂ ಇದರಲ್ಲಿ ಹಳೇ ಕಥೆ ಇದೆ. 1827ರಲ್ಲಿ ಕೊರಿಯಾದ ಕ್ಯಾಥೊಲಿಕರ ಮೇಲೆ ಒಂದು ದೊಡ್ಡ ದಬ್ಬಾಳಿಕೆ ನಡೆಯಿತು, ಅದು ಶುರುವಾಗಿದ್ದು ಇದೇ ಗೋಕ್‌ಸಾಂಗಿನ ಮಡಕೆ ಮಾಡುವವರ ಹಳ್ಳಿಯಿಂದ. ಹೊರಗಿನ ನಂಬಿಕೆ, ಒಳಗಿನ ಅನುಮಾನ ಆ ಊರಿಗೆ ಹೊಸದಲ್ಲ.

ಸಿನಿಮಾ ಶುರುವಾಗುವುದೇ ಲೂಕನ ಸುವಾರ್ತೆಯ 24ನೇ ಅಧ್ಯಾಯದ ಸಾಲುಗಳಿಂದ. ಸತ್ತು ಎದ್ದುಬಂದ ಏಸುವನ್ನು ನೋಡಿ ಶಿಷ್ಯರು ಭೂತ ಅಂದುಕೊಂಡು ಹೆದರುತ್ತಾರೆ. ಆತ ನನ್ನ ಕೈಕಾಲು ನೋಡಿ, ಮುಟ್ಟಿ ನೋಡಿ, ಭೂತಕ್ಕೆ ಮೂಳೆಮಾಂಸ ಇರುತ್ತದೆಯೇ ಅನ್ನುತ್ತಾನೆ. ಮುಂದಿನ ದೃಶ್ಯದಲ್ಲೇ ಒಬ್ಬ ಮನುಷ್ಯ ನದಿಯ ದಡದಲ್ಲಿ ಕೂತು ಗಾಳಕ್ಕೆ ಎರೆಹುಳ ಚುಚ್ಚುತ್ತಿದ್ದಾನೆ. ಈ ಎರಡನ್ನೂ ತಲೆಯಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ನಿರ್ದೇಶಕರಿಗೆ ಈ ಕಥೆ ಎಲ್ಲಿಂದ ಹೊಳೆಯಿತು?

ಅದಕ್ಕೂ ಮೊದಲು ಅವರು ಎರಡು ಕ್ರೈಂ ಸಿನಿಮಾ ಮಾಡಿದ್ದರು, 2008ರಲ್ಲಿ ಒಂದು, 2010ರಲ್ಲಿ ಇನ್ನೊಂದು. ಆಮೇಲೆ ಅವರ ಹತ್ತಿರದ ಕೆಲವರು ತೀರಿಕೊಂಡರು. ಹೇಗೆ ಸತ್ತರು ಅನ್ನುವುದಕ್ಕೆ ಉತ್ತರ ಇತ್ತು, ಅವರೇ ಯಾಕೆ ಸಾಯಬೇಕಿತ್ತು ಅನ್ನುವುದಕ್ಕೆ ಇರಲಿಲ್ಲ. ಆ ಪ್ರಶ್ನೆಯಿಂದ ಸಿನಿಮಾ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾದಲ್ಲಿ ಜಾಂಗ್-ಗು ಕೇಳುವುದೂ ಅದನ್ನೇ: ನನ್ನ ಮಗಳೇ ಯಾಕೆ? ಮಂತ್ರವಾದಿ ಕೊಡುವ ಉತ್ತರದ ಸಾರ ಇಷ್ಟು: ಗಾಳ ಹಾಕುವವನಿಗೆ ಯಾವ ಮೀನು ಸಿಗುತ್ತೆ ಅಂತ ಗೊತ್ತಿರುತ್ತಾ? ಅವನು ಎರೆ ಎಸೆದ, ನಿನ್ನ ಮಗಳು ಕಚ್ಚಿದಳು, ಅಷ್ಟೇ.

ಈ ಮಾತು ಕೇಳಿ ನಾನು ಸಿನಿಮಾ ಪಾಜ್ ಮಾಡಿ ಎದ್ದು ನೀರು ಕುಡಿದು ಬಂದೆ.

ಜನ ನೋಡಿದರಾ, ಅಥವಾ ಬರೀ ವಿಮರ್ಶಕರ ಸಿನಿಮಾನಾ?

2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗಿನ ವಿಭಾಗದಲ್ಲಿ ತೋರಿಸಿದರು. ಕೊರಿಯಾದಲ್ಲಿ 68 ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋದವು. ಮೈಮೇಲೆ ಏನೋ ಬಂದ ಹ್ಯೋ-ಜಿನ್ ಅಪ್ಪನ ಮೇಲೆ ಕಿರುಚುವ ಒಂದು ಮಾತಿದೆ, ಜೊಲ್ಲಾ ಕಡೆಯ ಆಡುಮಾತಿನಲ್ಲಿ: "ಯಾವುದು ಮುಖ್ಯ? ಯಾವುದು ಮುಖ್ಯ ಅಂತ ಗೊತ್ತಾ ನಿಂಗೆ?" ಅದು ಆ ವರ್ಷ ಇಡೀ ಕೊರಿಯಾದ ಬಾಯಲ್ಲಿ ಓಡಾಡಿತು. ಆ ಹುಡುಗಿ ಕಿಮ್ ಹ್ವಾನ್-ಹೀ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ನಟನೆ ಹೇಗೆ ಮಾಡಿಸಿದರೋ.

ಇಲ್ಲಿಂದ ಮುಂದೆ ಎಲ್ಲ ಗುಟ್ಟೂ ರಟ್ಟು. ನೋಡದವರು ಎದ್ದು ಹೋಗಿ, ಸಿನಿಮಾ ಮುಗಿಸಿ ಬನ್ನಿ.

ಸರಿ ಹೇಳಿ, ದೆವ್ವ ಯಾರು? ಜಪಾನಿಯಾ, ಮಂತ್ರವಾದಿಯಾ, ಬಿಳಿ ಬಟ್ಟೆಯ ಹುಡುಗಿಯಾ?

ಅತಿ ಜಾಸ್ತಿ ಬರುವ ಪ್ರಶ್ನೆ. ನನ್ನ ಲೆಕ್ಕ: ಜಪಾನಿ ಮತ್ತು ಮಂತ್ರವಾದಿ ಒಂದೇ ಕಡೆಯವರು. ಕೊನೆಯಲ್ಲಿ ಇಲ್-ಗ್ವಾಂಗ್ ಸತ್ತು ಬಿದ್ದವರ ಫೋಟೋ ತೆಗೆಯುತ್ತಾನೆ, ಅವನ ಕಾರಿನ ಪೆಟ್ಟಿಗೆ ಬಿದ್ದಾಗ ಹಳೇ ಸಾವುಗಳ ಫೋಟೋ ರಾಶಿ ಹೊರಗೆ ಚೆಲ್ಲುತ್ತದೆ. ಮೊದಲೇ ಒಂದು ಸುಳಿವು ಇತ್ತು, ಅವನು ಬಟ್ಟೆ ಬದಲಿಸುವಾಗ ಒಳಗೆ ಉಟ್ಟಿರುವುದು ಜಪಾನಿ ಕಚ್ಚೆ, ಬೆಟ್ಟದ ಮುದುಕ ಉಡುವಂಥದ್ದೇ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ಹುಡುಗಿ ಊರನ್ನು ಕಾಯುವವಳು. ಹಾಗಂತ ನಾನು ಅಂದುಕೊಂಡಿದ್ದೇನೆ. ನಟಿ ಚುನ್ ವೂ-ಹೀ, ಪಾತ್ರದ ಹೆಸರು ಪಟ್ಟಿಯಲ್ಲಿ "ಮುಮ್ಯೊಂಗ್", ಅಂದರೆ ಹೆಸರಿಲ್ಲದವಳು. ಅವಳು ಜಾಂಗ್-ಗುಗೆ ಸಣ್ಣ ಸಣ್ಣ ಕಲ್ಲು ಎಸೆಯುತ್ತಾ ಪರಿಚಯ ಆಗುತ್ತಾಳೆ. ಬೈಬಲ್ ಓದಿದವರಿಗೆ "ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ" ಅನ್ನೋ ಮಾತು ನೆನಪಾಗುತ್ತದೆ, ನನಗೆ ನಮ್ಮ ಕಡೆ ನಾಯಿ ಓಡಿಸುವವರು ನೆನಪಾದರು. ಮಂತ್ರವಾದಿ ಅವಳ ಎದುರು ನಿಂತ ಕೂಡಲೇ ಮೂಗಿನಿಂದ ರಕ್ತ, ಬಾಯಿಂದ ವಾಂತಿ. ಊರು ಬಿಟ್ಟು ಓಡಿದರೆ ದಾರಿಯಲ್ಲಿ ಕಾರಿಗೆ ಹುಳುಗಳ ಮುತ್ತಿಗೆ.

ಆದರೆ ಅವಳ ಮೈಮೇಲೆ ಸತ್ತವರ ಬಟ್ಟೆ ಯಾಕಿದೆ? ಹ್ಯೋ-ಜಿನ್‌ಳ ಕೂದಲ ಕ್ಲಿಪ್ ಅವಳ ಹತ್ತಿರ ಹೇಗೆ ಬಂತು? ಇದಕ್ಕೆ ಸಿನಿಮಾ ಉತ್ತರ ಕೊಡುವುದಿಲ್ಲ. ಜಾಂಗ್-ಗು ಕೂಡ ಅದನ್ನೇ ನೋಡಿ ಹೆದರಿದ್ದು. ನೀವಾಗಿದ್ದರೆ ಹೆದರುತ್ತಿರಲಿಲ್ಲವಾ?

ಗುತ್ ದೃಶ್ಯದಲ್ಲಿ ಯಾರು ಯಾರ ಮೇಲೆ ಮಾಟ ಮಾಡುತ್ತಿದ್ದರು?

ಮೊದಲ ಸಲ ನೋಡುವಾಗ ಹೀಗನ್ನಿಸುತ್ತದೆ: ಇಲ್ಲಿ ಇಲ್-ಗ್ವಾಂಗ್ ಮರದ ಕಂಬಕ್ಕೆ ಮೊಳೆ ಹೊಡೆಯುತ್ತಾನೆ, ಅಲ್ಲಿ ಬೆಟ್ಟದಲ್ಲಿ ಜಪಾನಿ ಒದ್ದಾಡುತ್ತಾನೆ. ಒಂದು ಮೊಳೆ, ಒಂದು ಒದ್ದಾಟ. ಆದರೆ ಅದೇ ಹೊತ್ತಿಗೆ ಹ್ಯೋ-ಜಿನ್ ಕೂಡ ಒದ್ದಾಡುತ್ತಿರುತ್ತಾಳೆ. ಈ ಮೂರನ್ನೂ ಹೆಣೆದು ತೋರಿಸಿದ್ದರಿಂದ ಮೊಳೆ ಜಪಾನಿಗೆ ತಗುಲುತ್ತಿದೆ ಅಂತ ನಾವೇ ಗಂಟು ಹಾಕಿಕೊಳ್ಳುತ್ತೇವೆ. ಜಪಾನಿ ಮಾಡುತ್ತಿದ್ದದ್ದು ಬೇರೆ ಪೂಜೆ, ಲಾರಿಯಲ್ಲಿ ಸತ್ತು ಬಿದ್ದವನನ್ನು ಎಬ್ಬಿಸುವುದು. ಮೊಳೆ ತಗುಲುತ್ತಿದ್ದದ್ದು ಮಗುವಿಗೆ.

ಹಾಗಿದ್ದರೆ ಮಗಳ ನರಳಾಟ ನೋಡಲಾರದೆ ಜಾಂಗ್-ಗು ಗುತ್ ಅನ್ನು ಅರ್ಧಕ್ಕೆ ನಿಲ್ಲಿಸಿದ್ದು ಸರಿಯೇ ಆಯಿತು. ಇದನ್ನು ನೆನಪಿಡಿ.

ಮನೆಯ ಜಾಡಿಯೊಳಗೆ ಸತ್ತ ಕಾಗೆ ಹೇಗೆ ಬಂತು?

ಕೊರಿಯನ್ನರ ಹಿತ್ತಲಲ್ಲಿ ಸೋಯಾ ಸಾಸ್ ಹುದುಗಿಸುವ ದೊಡ್ಡ ಮಣ್ಣಿನ ಜಾಡಿಗಳು ಇರುತ್ತವೆ, ನಮ್ಮ ಉಪ್ಪಿನಕಾಯಿ ಭರಣಿಯ ದೊಡ್ಡಣ್ಣ ಅನ್ನಿ. ಇಲ್-ಗ್ವಾಂಗ್ ಮನೆಗೆ ಬಂದವನೇ ಒಂದು ಜಾಡಿ ಒಡೆದು ಒಳಗಿಂದ ಕಾಗೆ ತೆಗೆಯುತ್ತಾನೆ. ಮನೆಯವರು ಅಲ್ಲೇ ಶರಣು. ಅಂಗಳದಲ್ಲಿ ಅಗೆಸಿ ತಗಡು, ಗೊಂಬೆ, ತಲೆಕೂದಲು ತೆಗೆದು ತೋರಿಸುವವರ ಬಗ್ಗೆ ನೀವೂ ಕೇಳಿರುತ್ತೀರಿ. ಯಾರು ಇಟ್ಟರು ಅಂತ ಕೇಳಬೇಕಾದವರು ಬಾಯಿ ಬಿಟ್ಟುಕೊಂಡು ನಿಂತಿರುತ್ತಾರೆ.

ಕೋಳಿ ಮೂರು ಸಲ ಕೂಗುವವರೆಗೆ ಕಾಯಬೇಕು ಅಂತ ಯಾಕೆ?

ಏಸುವಿನ ಶಿಷ್ಯ ಪೇತ್ರ ಕೋಳಿ ಕೂಗುವ ಮುಂಚೆ ಮೂರು ಸಲ "ಆತ ನನಗೆ ಗೊತ್ತಿಲ್ಲ" ಅನ್ನುತ್ತಾನಲ್ಲ, ಅದರ ನೆರಳು. ಮುಮ್ಯೊಂಗ್ ಮನೆಯ ಬಾಗಿಲಲ್ಲಿ ಕಟ್ಟು ಹಾಕಿದ್ದಾಳೆ. ಕೋಳಿ ಮೂರು ಸಲ ಕೂಗುವವರೆಗೆ ಒಳಗೆ ಹೋಗಬೇಡ, ಹೋದರೆ ಮನೆಯವರೆಲ್ಲ ಸಾಯುತ್ತಾರೆ ಅನ್ನುತ್ತಾಳೆ. ಇತ್ತ ಫೋನಿನಲ್ಲಿ ಇಲ್-ಗ್ವಾಂಗ್, ನಾನು ತಪ್ಪು ಮಾಡಿದೆ, ಆ ಹೆಂಗಸೇ ದೆವ್ವ, ನಂಬಬೇಡ ಅನ್ನುತ್ತಾನೆ. ಜಾಂಗ್-ಗು ಬೀದಿಯಲ್ಲಿ ನಿಂತಿದ್ದಾನೆ. ಎರಡು ಕೂಗು ಆಯಿತು. ಮೂರನೆಯದಕ್ಕೆ ಕಾಯಲಾರದೆ ಓಡುತ್ತಾನೆ. ಬಾಗಿಲ ಮೇಲೆ ಕಟ್ಟಿದ್ದ ಗಿಡ ಅವನು ದಾಟಿದ ಕೂಡಲೇ ಬಾಡಿ ತಲೆಬುರುಡೆಯ ಆಕಾರಕ್ಕೆ ತಿರುಗುತ್ತದೆ. ಆಮೇಲೆ ಮೂರನೇ ಕೂಗು.

ಬಹಳ ಜನ ಇದನ್ನು ನೋಡಿ "ನಂಬಿಕೆ ಇದ್ದಿದ್ದರೆ ಉಳಿಯುತ್ತಿದ್ದ" ಅನ್ನುತ್ತಾರೆ. ಅಷ್ಟು ಸಸಾರನಾ? ಗುತ್ ನಡೆಯುವಾಗಲೂ ಅವನು ಕಾಯಲಿಲ್ಲ, ಅರ್ಧಕ್ಕೆ ನಿಲ್ಲಿಸಿದ. ಅಲ್ಲಿ ಕಾಯದೆ ಇದ್ದದ್ದರಿಂದ ಮಗಳು ಒಂದಷ್ಟು ದಿನ ಉಳಿದಳು. ಇಲ್ಲಿ ಕಾಯದೆ ಇದ್ದದ್ದರಿಂದ ಎಲ್ಲರೂ ಹೋದರು. ಅದೇ ಅಪ್ಪ, ಅದೇ ಸಂಕಟ, ಅದೇ ಅವಸರ. ಯಾವಾಗ ತಡೆಯಬೇಕು, ಯಾವಾಗ ತಡಕೊಳ್ಳಬೇಕು ಅಂತ ಅವನಿಗೆ ಯಾರು ಹೇಳಬೇಕಿತ್ತು? ಹೇಳಲು ಬಂದವರು ಇಬ್ಬರು, ಇಬ್ಬರ ಮಾತೂ ಒಂದೇ ಥರ ಕೇಳಿಸುತ್ತಿತ್ತು.

ಹಾಗಾದ್ರೆ ಜಾಂಗ್-ಗು ತಪ್ಪೇ ಮಾಡಿಲ್ವಾ?

ಮಾಡಿದ್ದಾನೆ. ಜಪಾನಿಯ ಮನೆಗೆ ನುಗ್ಗಿ ಹಾಳು ಮಾಡಿದ, ನಾಯಿ ಕೊಂದ, ಗೆಳೆಯರನ್ನು ಕಟ್ಟಿಕೊಂಡು ಅವನನ್ನು ಬೇಟೆಯಾಡಿದ, ಗಾಡಿಗೆ ಸಿಕ್ಕಿ ಸತ್ತವನ ಹೆಣವನ್ನು ಪ್ರಪಾತಕ್ಕೆ ಎಸೆದ. ಆಗ ಅವನ ಕೈಯಲ್ಲಿದ್ದದ್ದು ಬರೀ ಅನುಮಾನ. ಮುಮ್ಯೊಂಗ್ ಅವನಿಗೆ ಹೇಳುವುದೂ ಇದನ್ನೇ, ಅನುಮಾನಪಟ್ಟೆ, ಕೊಂದೆ ಅಂತ. ಅವನ ಕಡೆಯ ವಾದ: ಮಗಳಿಗೆ ಮೊದಲು ಹುಷಾರಿಲ್ಲದೆ ಆಯಿತು, ಆಮೇಲೆ ನಾನು ಹೀಗಾದೆ. ಈ ಜಗಳದಲ್ಲಿ ನಾನು ಅವನ ಕಡೆ. ಯಾಕಂದ್ರೆ ಅವನ ನಂಬಿಕೆ ನಮ್ಮದೇ ನಂಬಿಕೆ, "ಯಾವುದಕ್ಕೂ ಇರಲಿ" ಅನ್ನುವ ನಂಬಿಕೆ. ಮೊದಲು ಆಸ್ಪತ್ರೆ, ಆಮೇಲೆ ಮಂತ್ರವಾದಿ, ಕೊನೆಗೆ ಚರ್ಚು. ಪಾದ್ರಿಗಳು ಡಾಕ್ಟರನ್ನು ನಂಬಿ ಹೋಗಿ ಅಂತ ವಾಪಸ್ ಕಳಿಸಿಬಿಡುತ್ತಾರೆ. ಚಿಕ್ಕವನಿದ್ದಾಗ ನನಗೆ ಜ್ವರ ಬಿಡದೆ ಹೋದರೆ ಅಜ್ಜಿ ಬೆಳಗ್ಗೆ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸಿ, ಸಂಜೆ ಅಂತ್ರ ಕಟ್ಟಿಸಿ, ರಾತ್ರಿ ದರ್ಗಾದ ಬೂದಿ ಹಚ್ಚುತ್ತಿದ್ದಳು. ಯಾವುದರಿಂದ ವಾಸಿ ಆಯಿತು ಅಂತ ಕೇಳಿದರೆ "ಆಯ್ತಲ್ಲ, ಸುಮ್ನಿರು". ಜಾಂಗ್-ಗುಗೆ ಆಗಲಿಲ್ಲ, ಅಷ್ಟೇ ವ್ಯತ್ಯಾಸ.

ಅಣಬೆ ಕಾರಣ ಅಂತ ಟಿವಿಯಲ್ಲಿ ಬರುತ್ತಲ್ಲ, ಅದು ನಿಜ ಇರಬಹುದಾ?

ವಿಷದ ಅಣಬೆ ಬೆರೆತ ಏನನ್ನೋ ತಿಂದು ಜನ ಹೀಗಾದರು ಅಂತ ಸುದ್ದಿ ಬರುತ್ತದೆ. ಅದೊಂದನ್ನೇ ಹಿಡಿದುಕೊಂಡು ಇಡೀ ಸಿನಿಮಾ ಬಿಡಿಸುವವರಿದ್ದಾರೆ. ಗುಹೆಯ ದೃಶ್ಯ ನೋಡಿದ ಮೇಲೂ ಅಣಬೆ ಅನ್ನುವವರ ಧೈರ್ಯಕ್ಕೆ ನಮಸ್ಕಾರ.

ಆ ಗುಹೆಯಲ್ಲಿ ಏನಾಯ್ತು?

ಜಪಾನಿ ಭಾಷೆ ಬರುವ ಕ್ಯಾಥೊಲಿಕ್ ಹುಡುಗ, ಇನ್ನೂ ಪಾದ್ರಿ ಆಗಬೇಕಾದವನು, ಕುಡುಗೋಲು ಹಿಡಿದು ಗುಹೆಗೆ ಹೋಗುತ್ತಾನೆ. ಸತ್ತವನು ಅಲ್ಲಿ ಬದುಕಿ ಕೂತಿದ್ದಾನೆ. ನೀನು ಯಾರು ಅಂತ ಕೇಳಿದರೆ ನೀನೇ ಹೇಳಿದೆಯಲ್ಲ ಅನ್ನುತ್ತಾನೆ. ನಿನ್ನ ನಿಜರೂಪ ತೋರಿಸಿದರೆ ಹೋಗುತ್ತೇನೆ ಅಂದರೆ, ನಿನ್ನನ್ನು ಹೋಗಗೊಡುತ್ತೇನೆ ಅಂತ ಯಾರು ಹೇಳಿದರು ಅಂತ ನಗುತ್ತಾನೆ. ಆಮೇಲೆ ಸಿನಿಮಾದ ಮೊದಲಲ್ಲಿ ಓದಿದ ಲೂಕನ ಅದೇ ಸಾಲುಗಳು ಅವನ ಬಾಯಲ್ಲಿ ಬರುತ್ತವೆ. ಕೈ ತೋರಿಸುತ್ತಾನೆ, ಅಂಗೈಯಲ್ಲಿ ಮೊಳೆಯ ತೂತು. ಕ್ಯಾಮೆರಾ ಎತ್ತಿ ಹುಡುಗನ ಫೋಟೋ ತೆಗೆಯುತ್ತಾನೆ.

ನಿಜವಾದ ದೇವರ ಮಾತನ್ನೇ, ಅಕ್ಷರ ತಪ್ಪದೆ, ಅದು ಹೇಳುತ್ತದೆ. ಮುಟ್ಟಿ ನೋಡು, ಮೂಳೆಮಾಂಸ ಇದೆ ಅನ್ನುತ್ತದೆ, ಅದೂ ನಿಜ. ಶಿಷ್ಯರಿಗೆ ಯಾವುದು ಸಾಕ್ಷಿ ಆಗಿತ್ತೋ ಅದೇ ಇಲ್ಲಿ ಎರೆ. ಮೊದಲ ದೃಶ್ಯದ ಗಾಳ ನೆನಪಿದೆ ತಾನೆ?

ಇದು ಇಷ್ಟವಾದರೆ ಮುಂದೆ ಏನು ನೋಡಲಿ?

ನಾ ಹಾಂಗ್-ಜಿನ್ ನಿರ್ಮಾಣದಲ್ಲಿ 2021ರಲ್ಲಿ ಬಂದ "ದಿ ಮೀಡಿಯಮ್" ನೋಡಿ. ಥಾಯ್ ಭಾಷೆಯ ಸಿನಿಮಾ, ಥಾಯ್ಲೆಂಡಿನ ಈಶಾನ್ಯದ ಈಸಾನ್ ಸೀಮೆಯ ಹಳ್ಳಿಯ ದೇವತೆ ಮೈಮೇಲೆ ಬರುವ ಮನೆತನದ ಕಥೆ. ಇಲ್-ಗ್ವಾಂಗ್ ಮಂತ್ರವಾದಿ ಆಗಿದ್ದು ಹೇಗೆ ಅಂತ ಯೋಚಿಸುತ್ತಾ ಹೋಗಿ ಅದು ಹುಟ್ಟಿತಂತೆ. ಕೊನೆಯ ಅರ್ಧ ಗಂಟೆ ಗಲಾಟೆ ಜಾಸ್ತಿ, ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೊದಲ ಒಂದು ಗಂಟೆ ಚೆನ್ನಾಗಿದೆ.

ಎರಡನೇ ಸಲ ನೋಡಬೇಕಾ? ನೋಡಿದರೆ ಏನು ಗಮನಿಸಲಿ?

ನೋಡಿ, ಆದರೆ ಯಾರು ದೆವ್ವ ಅಂತ ಹುಡುಕುತ್ತಾ ನೋಡಬೇಡಿ, ಮೊದಲ ಸಲ ಅದನ್ನೇ ಮಾಡಿ ಆಗಿದೆ. ಈ ಸಲ ಅಪ್ಪ ಮಗಳನ್ನು ನೋಡಿ. ಇಬ್ಬರೂ ಒಟ್ಟಿಗೆ ಇರುವ ಸಣ್ಣ ಸಣ್ಣ ದೃಶ್ಯಗಳು ಮೊದಲರ್ಧದಲ್ಲಿ ಎಷ್ಟೊಂದು ಇವೆ, ಮೊದಲ ಸಲ ನಗುವ ಭರದಲ್ಲಿ ನಾನು ಅವನ್ನು ಬಿಟ್ಟೇಬಿಟ್ಟಿದ್ದೆ. ಅಪ್ಪನ ಗುಟ್ಟುಗಳೆಲ್ಲ ಅವಳಿಗೆ ಗೊತ್ತು, ಅಮ್ಮನಿಗೆ ಹೇಳುವುದಿಲ್ಲ. ಕೊನೆಯ ಶಾಟಿನಲ್ಲಿ ಜಾಂಗ್-ಗು ರಕ್ತದ ನಡುವೆ ಕುಸಿದು ಕೂತು, ಏನೂ ಇಲ್ಲದ ಕಡೆ ನೋಡುತ್ತಾ, ಹೆದರಬೇಡ ಮಗಳೇ, ಅಪ್ಪ ಪೊಲೀಸ್ ಅಂತ ಗೊತ್ತಲ್ವಾ, ಅಪ್ಪ ಎಲ್ಲ ನೋಡಿಕೊಳ್ಳುತ್ತಾನೆ ಅಂತ ಗೊಣಗುತ್ತಾನೆ. ಕರೆಂಟ್ ಹೋದಾಗ ಕಿರುಚಿಕೊಂಡಿದ್ದ ಅದೇ ಪೊಲೀಸ್.